ಉಗ್ರಾಣದ ಚಿಲಕ ಯಾವ ಕಡೆಗಿತ್ತು, ಸ್ವಾಮೀ?

ಕಾರ್ಮಿಕ ಇಲಾಖೆಯ ತಪಾಸಣಾಧಿಕಾರಿಗಳಾದ ಮಾನ್ಯರೇ,

ನಮ್ಮ ಮನೆಯ ಹಿಂದಿರುವ ಲಾಂಡ್ರಿಗೆ ತಾವು ಬಂದು, ನೋಡಿ, ಅಲ್ಲಿ ದುಡಿಯುವ ಹೆಂಗಸರೆಲ್ಲ ಸಂತೋಷವಾಗಿದ್ದಾರೆಂದು ವರದಿ ಬರೆದುಕೊಟ್ಟಿರಿ. ಲಾಂಡ್ರಿಯ ಮಾಲೀಕರು ಅದಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಅದರ ಫೋಟೋ ಗಡಿಯಾಚೆಯ ಊರೊಂದಕ್ಕೆ ಹೋಗಿ ಒಬ್ಬ ಹುಡುಗಿಯ ಫೋನಿನಲ್ಲಿ ಕೂತಿದೆ. ಆಕೆ ತಮ್ಮ ಸಹಿ, ಮೊಹರು ನೋಡಿ ನಂಬಿ ಬಟ್ಟೆಬರೆ ಜೋಡಿಸಿಕೊಳ್ಳುತ್ತಿದ್ದಾಳೆ. ಈ ಭಾನುವಾರ ಇಲ್ಲಿಗೆ ಬಸ್ಸು ಹತ್ತುತ್ತಾಳೆ. ತಮ್ಮ ಬರವಣಿಗೆಯ ಶಕ್ತಿಗೆ ನಾನು ತಲೆಬಾಗಿದ್ದೇನೆ. ಇಷ್ಟು ವರ್ಷ ಪತ್ರಿಕೆಗೆ ಅಂಕಣ ಬರೆದರೂ ನನ್ನ ಮಾತು ನಂಬಿ ಒಬ್ಬರೂ ಪಕ್ಕದ ಬೀದಿಯವರೆಗೆ ಹೋದವರಿಲ್ಲ. ಈ ಪತ್ರವನ್ನು ಹೊಟ್ಟೆಕಿಚ್ಚಿನಿಂದ ಬರೆದದ್ದೆಂದು ತಿಳಿದರೂ ನನ್ನ ಅಭ್ಯಂತರವಿಲ್ಲ.

ಆ ಹುಡುಗಿಯ ಅಕ್ಕ ಈ ಲಾಂಡ್ರಿಯಲ್ಲಿ ಚಾದರ ಮಡಿಸುತ್ತಾಳೆ. ಮಾಲೀಕರು ಅವಳಿಗಿಟ್ಟ ಹೆಸರು ಬಾಯಿಬಡುಕಿ. ಅಂಥದ್ದೇನು ಬಡಬಡಿಸಿದಳೋ ಎಂದು ಗಾಬರಿಯಾಗಬೇಡಿ. "ಮಧ್ಯಾಹ್ನ ಊಟ ಕೂತ್ಕೊಂಡು ಮಾಡ್ಬೋದಾ?" ಎಂದು ಒಂದು ಸಲ ಕೇಳಿದ್ದಳು, ಅಷ್ಟೇ.

ಅವಳನ್ನೂ ಉಳಿದವರನ್ನೂ ಕರೆತಂದವನಿಗೆ ಎಲ್ಲರೂ ಮಾವ ಎನ್ನುತ್ತಾರೆ. ಅವನು ಯಾರ ಮಾವನೂ ಅಲ್ಲ. ದೊಡ್ಡ ಹೋಟೆಲಿನಲ್ಲಿ ಕೆಲಸ ಕೊಡಿಸುತ್ತೇನೆಂದು ಹೇಳಿ ತಂದ. ಸುಳ್ಳು ಹೇಳಿದನೆನ್ನಲು ನನಗೆ ಮನಸ್ಸು ಬರುವುದಿಲ್ಲ. ಬಂದು ಬೀಳುವ ಚಾದರಗಳೆಲ್ಲ ದೊಡ್ಡ ಹೋಟೆಲುಗಳವೇ. ಬಂದ ದಿನವೇ ಎಲ್ಲರ ಗುರುತಿನ ಚೀಟಿಗಳನ್ನೂ ಮಾಲೀಕರು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಕಳ್ಕೊಂಡ್ಬಿಡ್ತೀರಮ್ಮಾ, ನನ್ಹತ್ರ ಇರ್ಲಿ" ಎಂದರಂತೆ. ಹೆತ್ತ ತಂದೆಗೂ ಇಷ್ಟು ಮುತುವರ್ಜಿ ಇರುವುದಿಲ್ಲ. ಮಲಗುವ ಕೋಣೆಗೆ ರಾತ್ರಿ ಹೊರಗಿನಿಂದ ಚಿಲಕ ಹಾಕಿಸುವುದೂ ಈ ಮುತುವರ್ಜಿಯಲ್ಲೇ ಸೇರಿದೆ.

ಇದೆಲ್ಲ ನನಗೆ ಹೇಗೆ ತಿಳಿಯಿತೆಂದು ತಾವು ಕೇಳಬೇಕು. ಕೇಳುವುದು ತಮ್ಮ ಕೆಲಸ. ದೊಡ್ಡ ಚಾದರವನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಇಬ್ಬರು ಎರಡೆರಡು ಮೂಲೆ ಹಿಡಿದು, ಎಳೆದು, ಎದುರುಬದುರು ನಡೆದು ಮೂಲೆಗೆ ಮೂಲೆ ಸೇರಿಸಬೇಕು. ಆಗ ಒಂದು ಗಳಿಗೆ ಮುಖಕ್ಕೆ ಮುಖ ಹತ್ತಿರವಾಗುತ್ತದೆ. ಆ ಲಾಂಡ್ರಿಯಲ್ಲಿ ಮಾತಾಡಲು ಸಿಗುವುದು ಅಷ್ಟೇ ಹೊತ್ತು: ಚಾದರಕ್ಕೊಂದು ವಾಕ್ಯ. ಅವರ ತಾರಸಿಗೂ ನಮ್ಮ ತಾರಸಿಗೂ ನಡುವೆ ಮೊಣಕಾಲೆತ್ತರದ ಗೋಡೆ. ಒಂದು ದಿನ ಬಾಯಿಬಡುಕಿ ಒಬ್ಬಳೇ ಒದ್ದಾಡುತ್ತಿದ್ದದ್ದು ನೋಡಿ ನನ್ನ ಹೆಂಡತಿ ಇತ್ತಲಿಂದಲೇ ಎರಡು ಮೂಲೆ ಹಿಡಿದಳು. ಮಾಲೀಕರು ನೋಡಿದರು, ಬಯ್ಯಲಿಲ್ಲ. ಪುಕ್ಕಟೆ ಆಳು ಸಿಕ್ಕರೆ ಬಯ್ಯುವಷ್ಟು ದಡ್ಡರಲ್ಲ. ಅಂದಿನಿಂದ ಇವಳೂ ಅಲ್ಲಿ ಬಿಟ್ಟಿ ಚಾಕರಿಗೆ ಸೇರಿದ್ದಾಳೆ. ತಮ್ಮ ವರದಿಯಲ್ಲಿ ಇವಳ ಸಂತೋಷವನ್ನೂ ನಮೂದಿಸಬಹುದಿತ್ತು.

ಇವಳು ತಂದ ವಾಕ್ಯಗಳನ್ನು ಪೋಣಿಸಿ ನಾನು ತಮಗೆ ದೂರು ಬರೆದೆ. ತಾವು ತಡಮಾಡಲಿಲ್ಲ. ಇಂಥ ದಿನ ಬರುತ್ತೇವೆಂದು ಎರಡು ವಾರ ಮೊದಲೇ ಮಾಲೀಕರಿಗೆ ತಿಳಿಸಿದಿರಿ. ಬೀಗರು ಕೂಡ ಇಷ್ಟು ಮರ್ಯಾದೆಯಿಂದ ಹೇಳಿಕಳಿಸಿ ಬರುವುದಿಲ್ಲ. ಮಾರನೆಯ ದಿನದಿಂದ ಹಿಂದುಗಡೆ ಸಾಮೂಹಿಕ ಪಾಠ ಶುರುವಾಯಿತು.

"ಜೋರಾಗಿ ಹೇಳಿ!" ಇದು ಮಾವನ ಗಂಟಲು.

"ಸಂತೋಷವಾಗಿದೀವಿ ಸಾರ್!"

"ನಗ್ತಾ ಹೇಳ್ರಮ್ಮಾ, ಯಾರೋ ಸತ್ತಂಗೆ ಮುಖ ಮಾಡ್ಬೇಡಿ!"

"ರೀ, ಹಿಂದುಗಡೆ ಏನೋ ನಾಟಕ ಕಲಿಸ್ತಾ ಇದಾರೆ" ಎಂದಳು ನನ್ನ ಹೆಂಡತಿ.

"ನಾಟಕಾನೇ ಕಣೆ. ಮುಖ್ಯ ಅತಿಥಿ ಬರೋದಿದೆ" ಎಂದೆ.

ತಾವು ಬಂದಿರಿ. ದೂರು ಕೊಟ್ಟವನು ಒಳಗೆ ಬಂದರೆ ನಿಷ್ಪಕ್ಷಪಾತಕ್ಕೆ ಧಕ್ಕೆಯಾಗುತ್ತದೆಂದು ನನ್ನನ್ನು ಗೇಟಿನ ಹೊರಗೆ ನಿಲ್ಲಿಸಿದಿರಿ. ಮಾಲೀಕರು ಮಾತ್ರ ತಮ್ಮ ಪಕ್ಕದಲ್ಲೇ ಇದ್ದರು, ಅವರಿಂದ ಧಕ್ಕೆಯಿಲ್ಲ. ಒಳಗೆ ನಡೆದದ್ದನ್ನು ಹೆಂಗಸರೇ ಚಾದರ ಮಡಿಸುತ್ತ ಹೇಳಿದರು. ಶೌಚಾಲಯ ಎಷ್ಟಿವೆ ಎಂದು ಕೇಳಿದಿರಂತೆ. "ಸಂತೋಷವಾಗಿದೀವಿ ಸಾರ್" ಎಂದಳಂತೆ ಒಬ್ಬಳು. ಇಸ್ತ್ರಿಯವಳ ಮೊಣಕೈವರೆಗಿನ ಸುಟ್ಟ ಗಾಯ ನೋಡಿ "ಇದೇನಮ್ಮಾ?" ಎಂದಿರಂತೆ. ಅವಳೂ ಸಂತೋಷವಾಗಿದ್ದಳು. ಯಾವ ಪ್ರಶ್ನೆಗೂ ಒಂದೇ ಉತ್ತರ ಬಂದರೆ ಶಾಲೆಯ ಮೇಷ್ಟರಾದರೂ ಕಾಪಿ ಹೊಡೆದಿದ್ದಾರೆಂದು ಗುಮಾನಿ ಪಡುತ್ತಾರೆ. ತಾವು ಎಲ್ಲರಿಗೂ ಪೂರ್ತಿ ಅಂಕ ಕೊಟ್ಟಿರಿ.

ಬಾಯಿಬಡುಕಿ ಮಾತ್ರ ಪಾಠ ಒಪ್ಪಿಸಲು ಒಪ್ಪಿರಲಿಲ್ಲ. ಹಾಗಾಗಿ ಅವಳನ್ನು ಸೋಪಿನ ಪುಡಿಯ ಉಗ್ರಾಣದೊಳಗೆ ಕೂಡಿ ಚಿಲಕ ಹಾಕಿದ್ದರು. ತಾವು ಟೀ ಕುಡಿದದ್ದು ಆ ಬಾಗಿಲ ಮುಂದೆ ನಿಂತು.

"ಬಾಗಿಲ ಸಂದೀಲಿ ಅವರ ಬೂಟು ಕಾಣಿಸ್ತಿತ್ತು ಅಕ್ಕ" ಎಂದಳಂತೆ ನನ್ನ ಹೆಂಡತಿಗೆ. ಮುಂದಿನ ಚಾದರಕ್ಕೆ, "ಬಡಿದೆ." ಅದರ ಮುಂದಿನದಕ್ಕೆ, "ಏನದು ಶಬ್ದ ಅಂದ್ರು." ಇನ್ನೊಂದಕ್ಕೆ, "ಮೆಷಿನ್ ಸಾರ್ ಅಂದ ಮಾವ." ಕೊನೆಯದಕ್ಕೆ, "ಬೂಟು ಹೊರಟುಹೋಯ್ತು."

ತಮ್ಮ ವರದಿಯಲ್ಲಿ ಒಂದು ಸಾಲಿದೆ: 'ಮಹಿಳೆಯರ ಸುರಕ್ಷತೆಗಾಗಿ ಎಲ್ಲ ಬಾಗಿಲುಗಳಿಗೂ ಭದ್ರವಾದ ಚಿಲಕ ಅಳವಡಿಸಲಾಗಿದೆ.' ಚಿಲಕ ನಮ್ಮ ಮನೆಗೂ ಇದೆ, ಒಳಗಡೆ. ಬೇಡದವರು ಒಳಗೆ ಬಾರದಿರಲೆಂದು. ಹೊರಗಡೆ ಚಿಲಕವಿರುವುದು ದನದ ಕೊಟ್ಟಿಗೆಗೆ, ಕೋಳಿಗೂಡಿಗೆ, ಜೈಲಿಗೆ. ಇದು ಮೂರರಲ್ಲಿ ಯಾವುದೆಂದು ತಾವು ಬರೆದಿಲ್ಲ.

ತಮ್ಮ ಕಚೇರಿಗೆ ಬಂದು ಇದನ್ನು ಹೇಳಿದಾಗ, ಕರೆತಂದ ವಿಷಯವೆಂದರೆ ಅದು ಮಾನವ ಕಳ್ಳಸಾಗಣೆ, ಎರಡನೇ ಮಹಡಿ ಎಂದಿರಿ. ಎರಡನೇ ಮಹಡಿಯವರು, ತಾವಾಗಿಯೇ ಬಸ್ಸು ಹತ್ತಿದ್ದಾರಲ್ಲ, ಹಾಗಾದರೆ ಇದು ವಲಸೆ, ಮೂರನೇ ಮಹಡಿ ಎಂದರು. ಮೂರನೆಯವರು, ದುಡಿಮೆಯಲ್ಲಿ ತೊಂದರೆಯಾದರೆ ಕೆಳಗೆ ಹೋಗಿ ಎಂದು ಮತ್ತೆ ತಮ್ಮ ಮುಂದೆ ತಂದು ನಿಲ್ಲಿಸಿದರು. ಮಾವನಿಗೆ ಈ ಮೆಟ್ಟಿಲುಗಳ ಕಾಟವಿಲ್ಲ. ಆಸೆ ಹುಟ್ಟಿಸುವುದು, ಗಡಿ ದಾಟಿಸುವುದು, ದುಡಿಸುವುದು, ಮೂರನ್ನೂ ಅವನು ಒಂದೇ ಪ್ರಯಾಣದಲ್ಲಿ ಮುಗಿಸುತ್ತಾನೆ. ತಮ್ಮ ಕಟ್ಟಡಕ್ಕೊಂದು ಲಿಫ್ಟ್ ಹಾಕಿಸಿದರೆ ದೇಶಕ್ಕೆ ದೊಡ್ಡ ಉಪಕಾರ.

ಈಗ ತಂಗಿಯ ವಿಷಯ. ಅವಳೂ ಹೊರಟಿದ್ದಾಳೆಂದು ಮಾವನೇ ಹೆಮ್ಮೆಯಿಂದ ಬಾಯಿಬಡುಕಿಗೆ ಹೇಳಿದ. ಅವಳು ತಂಗಿಯ ಫೋನ್ ನಂಬರನ್ನು ಚಾದರಕ್ಕೆ ಎರಡೆರಡು ಅಂಕಿಯಂತೆ ದಾಟಿಸಿದಳು. ನಾನು ಫೋನ್ ಮಾಡಿದೆ.

"ಗೊತ್ತಾಯ್ತು ಬಿಡಿ ಅಣ್ಣ" ಎಂದಳು ಹುಡುಗಿ. "ಹಿಂಗೆ ಯಾರಾದ್ರೂ ಫೋನ್ ಮಾಡಿ ತಲೆ ಕೆಡಿಸ್ತಾರೆ ಅಂತ ಮಾವ ಮೊದ್ಲೇ ಹೇಳಿದ್ರು. ನಿಮ್ಮ ಕಡೆಯವ್ರಿಗೆ ಆ ಕೆಲ್ಸ ಬೇಕಾಗಿದೆ ಅಲ್ವಾ?"

"ಅಲ್ಲಮ್ಮಾ, ಅಲ್ಲಿ ಹೊರಗಿಂದ ಚಿಲಕ ಹಾಕ್ತಾರೆ."

"ಚಿಲಕ ಭದ್ರವಾಗಿದೆ ಅಂತ ದೊಡ್ಡ ಸಾಹೇಬ್ರೇ ಬರ್ದಿದಾರಲ್ಲಾ! ನಮ್ಮನೆ ಬಾಗಿಲಿಗೆ ಚಿಲಕಾನೇ ಇಲ್ಲ ಅಣ್ಣ."

ನನ್ನ ಹೆಂಡತಿ ಫೋನು ಕಿತ್ತುಕೊಂಡಳು. "ನಿಮ್ಮಕ್ಕಾನೇ ಬರ್ಬೇಡ ಅಂದಿದಾಳೆ ಕಣಮ್ಮಾ."

"ಅಕ್ಕ ಮೊನ್ನೆ ನನ್ಹತ್ರ ಮಾತಾಡಿದ್ಲಲ್ಲ. ಸಂತೋಷವಾಗಿದೀನಿ ಅಂದ್ಲು."

ಸಾಲ ಕೊಟ್ಟವನಂತೆ ಮಾಲೀಕರು ಎದುರಿಗೇ ಕೂತು, ಸ್ಪೀಕರ್ ಹಾಕಿಸಿ, ಮಾತಾಡಿಸುವ ಫೋನದು. ಕೊನೆಗೂ ಬಾಯಿಬಡುಕಿಯಿಂದಲೂ ಪಾಠ ಒಪ್ಪಿಸಿಕೊಂಡಿದ್ದಾರೆ.

ಇದನ್ನು ಪತ್ರಿಕೆಯಲ್ಲಿ ಹಾಕಿದರೆ ನಿನಗೆ ತೊಂದರೆಯಾಗುತ್ತದಲ್ಲ ಎಂದು ಹೆಂಡತಿಯ ಮೂಲಕ ಬಾಯಿಬಡುಕಿಯನ್ನು ಕೇಳಿಸಿದೆ. ಒಂದೇ ಚಾದರದಲ್ಲಿ ಉತ್ತರ ಬಂತು: "ಹಾಕ್ಲಿ ಅಕ್ಕ, ನನಗೆ ಇನ್ನೆಷ್ಟು ಚಿಲಕ ಹಾಕ್ತಾರೆ?"

ಆದ್ದರಿಂದ ಮಾನ್ಯರೇ, ತಾವು ಇಂದೇ, ಹೇಳದೆ ಕೇಳದೆ ಬರಬೇಕು. ಮೂರೂ ಮಹಡಿಯವರನ್ನು ಒಂದೇ ಜೀಪಿನಲ್ಲಿ ಕರೆತರಬೇಕು. ಬೀರು ತೆರೆಸಿ ಅವರವರ ಚೀಟಿ ಅವರವರ ಕೈಗೆ ಕೊಡಿಸಬೇಕು. ಹಿಡಿಯುವುದಾದರೆ ಕರೆತಂದವನನ್ನು, ಕೂಡಿಹಾಕಿದವರನ್ನು ಹಿಡಿಯಬೇಕು. ಅಕ್ರಮವಾಗಿ ಬಂದವರೆಂದು ಆ ಹೆಂಗಸರನ್ನೇ ಇನ್ನೊಂದು ಚಿಲಕದ ಹಿಂದೆ ನೂಕಬಾರದು.

ಅದಕ್ಕೂ ಮೊದಲು ತಂಗಿಗೆ ಒಂದು ಫೋನ್ ಮಾಡಬೇಕು. ನಂಬರು ನನ್ನ ಹೆಂಡತಿಗೆ ಬಾಯಿಪಾಠ. ಹುಡುಗಿ ನನ್ನನ್ನು ನಂಬುವುದಿಲ್ಲ, ನನ್ನ ಹೆಂಡತಿಯನ್ನು ನಂಬುವುದಿಲ್ಲ, ಸ್ವಂತ ಅಕ್ಕನ ಮಾತನ್ನು ನಂಬಿ ಕೆಡುತ್ತಿದ್ದಾಳೆ. ತಮ್ಮನ್ನು ಮಾತ್ರ ನಂಬುತ್ತಾಳೆ. ನಾನು ಬರೆದದ್ದು ಸುಳ್ಳು, ಬರಬೇಡ ಎಂದು ತಾವೇ ಹೇಳಬೇಕು. ಯಾರು ಮಾತಾಡೋದು ಎಂದು ಕೇಳಿದರೆ ಹುದ್ದೆ ಹೇಳುವ ಅಗತ್ಯವಿಲ್ಲ. ನಿಮ್ಮಕ್ಕ ಬಾಗಿಲು ಬಡಿಯುವಾಗ ಹೊರಗೆ ನಿಂತು ಟೀ ಕುಡಿಯುತ್ತಿದ್ದವನು ಎನ್ನಿ. ಭಾನುವಾರಕ್ಕೆ ಮುಂಚೆ ಎನ್ನಿ.

ಇಂತಿ,
ತಮ್ಮ ವರದಿಯಲ್ಲಿ 'ನೆರೆಹೊರೆಯವರಿಂದ ಯಾವ ಆಕ್ಷೇಪಣೆಯೂ ಬಂದಿಲ್ಲ' ಎಂಬ ಸಾಲಿನಲ್ಲಿ ಬರುವ ನೆರೆಯವನು
(ನಾನೂ ಸಂತೋಷವಾಗಿದ್ದೇನೆ ಸಾರ್)