ಚಮಚದ ಗುರುತು

ಖಾರಘರ ಹಾಸ್ಟೆಲ್
ಜುಲೈ ೨೦೦೮

ಅಪ್ಪಾ,

ಅಮ್ಮನ ಸಕ್ಕರೆ ಕಾಯಿಲೆಗೆಂದು ಆಸ್ಪತ್ರೆಯಲ್ಲಿ ಕೊಟ್ಟ ಇಂಗ್ಲಿಷ್ ಪುಸ್ತಕದಲ್ಲಿ ‘ಹೈಪೊ’ ಯಾವುದು, ‘ಹೈಪರ್’ ಯಾವುದು ತಿಳಿಯುವುದಿಲ್ಲ ಎನ್ನಲು ಫೋನಿನಲ್ಲಿ ಅಷ್ಟು ನಾಚಿದಿರಲ್ಲ! ನರ್ಸಿಂಗ್ ಕಲಿಯುವ ನಾನೂ ತಡವರಿಸಿದ್ದೇನೆ. ನಾಚಬೇಕಾದವರು, ‘ಓದ್ಕೊಳ್ಳಿ’ ಎಂದು ಅದನ್ನು ನಿಮ್ಮ ಕೈಗೆಸೆದ ಡಾಕ್ಟರು.

ನಿಮ್ಮ ಹೋಟೆಲಿನಲ್ಲಿ ಸಕ್ಕರೆಯಿಲ್ಲದ ಚಹಾಕ್ಕೆ ಚಮಚ ಇಟ್ಟು ಗುರುತು ಮಾಡುತ್ತೀರಲ್ಲ, ಹಾಗೆಯೇ ಹೈಪೊ ಇರುವ ಪುಟದಲ್ಲಿ ಒಂದು ಚಮಚದ ಚಿತ್ರ ಬರೆಯಿರಿ. ಹೈಪೊ ಎಂದರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದದ್ದು, ಹೈಪರ್ ಎಂದರೆ ಏರಿದ್ದು. ಅಮ್ಮ ಬೆವತು ನಡುಗಿದರೆ ಚಮಚದ ಪುಟ ನೋಡಿ. ಆಗ ಇನ್ಸುಲಿನ್ ಚುಚ್ಚಿದರೆ ಜೀವಕ್ಕೇ ಅಪಾಯ. ಮೊದಲು ಸಕ್ಕರೆ ನೀರು ಕುಡಿಸಿ.

‘ಶುಗರಿನವಳಿಗೆ ಸಕ್ಕರೆ ಕೊಡ್ತೀರಾ ಮಾರಾಯ್ರೆ?’ ಎಂದು ಬೈಯುತ್ತಾಳೆ. ಬೈಯಲಿ. ಆ ಬೈಗುಳವನ್ನು ಫೋನಿನಲ್ಲಿ ನನಗೂ ಕೇಳಿಸಿ.

ನಿಮ್ಮ
ನಿಶ್ಮಿತಾ