ಅದ್ದದ ಕತ್ತರಿ

ಫೆಬ್ರವರಿ 11, ಮಂಗಳವಾರ

ಬೆಳಿಗ್ಗೆಯಿಂದ ಲ್ಯಾಬಿನ ಕೋಲ್ಡ್ ರೂಮ್. ಸ್ವೆಟರ್ ಮೇಲೆ ಶಾಲು. ಹೊರಗೆ ಕೊಪ್ಪಳದ ಬಿಸಿಲು. ನೋಡಿದವರು ನಗಬೇಕು.

ಪ್ರೋಟೀನ್ ಮತ್ತೆ ಮುದ್ದೆ ಕಟ್ಟಿತು — ಕುಷ್ಟಗಿಯ ತೋಟದ್ದೂ, ಕುಕನೂರಿನ ತೋಟದ್ದೂ. ಯಲಬುರ್ಗಾದ್ದು ಮಾತ್ರ ನಿಂತಿದೆ. ನಾಲ್ಕು ವರ್ಷದಿಂದ ಇದೇ ಕೆಲಸ. ದಾಳಿಂಬೆಗೆ ಅಂಗಮಾರಿ ರೋಗ ತರುವ ಬ್ಯಾಕ್ಟೀರಿಯಾ, ಅದರ ಹೊರಪೊರೆಯಲ್ಲಿ ಕೂತ ಒಂದು ಪ್ರೋಟೀನು. ಅದೇ ಬಾಗಿಲು. ಎಲೆಯನ್ನು ಕರಗಿಸುವ ಬೇರೆ ಪ್ರೋಟೀನುಗಳು ಆ ಬಾಗಿಲಿನಿಂದಲೇ ಹೊರಗೆ ಹೋಗುತ್ತವೆ. ಆಕಾರ ತಿಳಿದರೆ ಮುಚ್ಚುವ ಮದ್ದು ಹುಡುಕಬಹುದು... ಆಸೆ. ಪೊರೆಯಿಂದ ಬಿಡಿಸಿದ ಕೂಡಲೇ ಕೆಡುವ ಜಾತಿ. ಸೋಪಿನಂಥ ದ್ರವದಲ್ಲಿ ಜೋಪಾನ ಮಾಡಬೇಕು.

ಸಂಜೆ ಮೈಕ್ರೋಸ್ಕೋಪಿನ ಚಿತ್ರ ಬಂತು. ಮೇಲಿನಿಂದ ನೋಡಿದರೆ ಬಳೆ! ನಡುವೆ ಮುಚ್ಚಿದ ಕದ. ಕುಣಿಯಬೇಕೆನಿಸಿತು. ಕುಣಿದೆ. ಯಲಬುರ್ಗಾದ್ದರ ಜೀನಿನಲ್ಲಿ ಒಂದೇ ಒಂದು ಅಕ್ಷರ ಬೇರೆ. ಗಟ್ಟಿಯಾಗಿ ನಿಂತದ್ದು ಅದರಿಂದಲೇ. ಬೇರೆ ಯಾವ ತೋಟದಲ್ಲೂ ಆ ಅಕ್ಷರ ಸಿಕ್ಕಿಲ್ಲ.

ಫೆಬ್ರವರಿ 14, ಶುಕ್ರವಾರ

ಕನಕಪ್ಪ ಮಾವನ ತೋಟಕ್ಕೆ ರೋಗ ಬಿದ್ದ ಮೇಲೆ ತರಿಸಿದ ಎಲೆಯ ರಿಪೋರ್ಟ್ ಬಂತು. ಅದೇ ಅಕ್ಷರ.

ಕಳೆದ ಆಗಸ್ಟ್. ಬೆಳಿಗ್ಗೆ ಯಲಬುರ್ಗಾದ ರೋಗದ ತೋಟ, ಮಧ್ಯಾಹ್ನ ಕುಷ್ಟಗಿ ಹತ್ತಿರ ಮಾವನ ತೋಟ — ಹೋಲಿಸಲು ರೋಗವಿಲ್ಲದ ಎಲೆ ಬೇಕಿತ್ತು. ಮಾವ ಅಮ್ಮನ ತಮ್ಮ, ತೋಟದ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. ಹೊರಗಿನಿಂದ ಬಂದವರು ಗೇಟಿನ ಹತ್ತಿರ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದಬೇಕು, ಕತ್ತರಿ ಅದ್ದಬೇಕು. ನಾನೂ ಬಗ್ಗಿದ್ದೆ. ಮಾವ ನಕ್ಕ.

"ನೀ ಅದರಾಗ ಓದಿದಾಕಿ. ನಿನಗ್ಯಾಕವ್ವಾ ಆ ನೀರು? ಬಾ ಒಳಗ."

ನನಗೂ ಹೆಮ್ಮೆ. ಹೋದೆ. ಬೆಳಗಿನ ಅದೇ ಕತ್ತರಿಯಿಂದ ಏಳು ಗಿಡದ ಎಲೆ ಕತ್ತರಿಸಿದೆ. ಜಿಟಿಜಿಟಿ ಮಳೆ ಬೇರೆ. ಆರು ವಾರಕ್ಕೆ ತೋಟ ಕಪ್ಪು ಚುಕ್ಕೆ ಹಿಡಿಯಿತು.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ನನ್ನ ಹತ್ತಿರ ಆ ಒಕ್ಕಾಲು ಮಾತ್ರ ಇತ್ತು.

ಫೆಬ್ರವರಿ 15, ಶನಿವಾರ

ಸ್ಯಾಂಪಲ್ ಅದಲುಬದಲಾಗಿರಬಹುದು ಎಂದು ಲೇಬಲ್ ಮೂರು ಸಲ ನೋಡಿದೆ. ಆಗಿಲ್ಲ. ಯಲಬುರ್ಗಾದವರಿಗೆ ಫೋನ್ ಮಾಡಿದೆ. ಅಲ್ಲಿ ಟೊಂಗೆ ಕತ್ತರಿಸುವುದು ಮನೆಯವರೇ. ಹೊರಗಿನ ಆಳು ಕಾಲಿಟ್ಟಿಲ್ಲ. ಕಾಲಿಟ್ಟವಳು ನಾನೊಬ್ಬಳು.

ಮಾವ ತಪ್ಪು ಹೊರಿಸಿದ್ದು ಶಾಮೀದಸಾಬ ಕಾಕಾನ ಮೇಲೆ. ಕುಕನೂರಿನವರು. ಹದಿನೆಂಟು ವರ್ಷ ಮಾವನ ಗಿಡಗಳ ಟೊಂಗೆ ಸವರಿದ ಕೈ. "ರೋಗ ಶಾಮೀದನ ಕತ್ರಿಯಿಂದ ಬಂದೈತಿ, ಹುಷಾರ್" ಎಂದು ಮಾವ ಬೆಳೆಗಾರರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ. ಅಂದಿನಿಂದ ಅವರನ್ನು ಯಾವ ತೋಟದವರೂ ಕರೆದಿಲ್ಲ. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ನಾಳೆ ಮಾವನಿಗೆ ಹೇಳುತ್ತೇನೆ.

ಏಪ್ರಿಲ್ 20, ಭಾನುವಾರ

ಹೇಳಿಲ್ಲ.

ಇವತ್ತು ಮಾವನೇ ಬಂದಿದ್ದ. ಅರ್ಧ ತೋಟ ಕಿತ್ತು ಸುಟ್ಟನಂತೆ. ಆ ಜಾಗಕ್ಕೆ ತೊಗರಿ ಹಾಕುತ್ತಾನಂತೆ. "ಶಾಮೀದ ಹಿಂಗ ಮಾಡ್ತಾನ ಅಂತ ಕನಸಿನಾಗೂ ತಿಳದಿದ್ದಿಲ್ಲ" ಎಂದ. ಬಾಯಿ ತೆರೆದೆ. "ಚಹಾ ಹಾಕ್ಲೇನು ಮಾವಾ?" ಎಂದೆ.

ನನ್ನ ಮೇಲೆ ನನಗೇ ಹೇಸಿಗೆ.

ಸೆಪ್ಟೆಂಬರ್ 3, ಬುಧವಾರ

ಪೇಪರ್ ಒಪ್ಪಿಗೆಯಾಯಿತು. ಗೈಡ್ ಸರ್ ಪೇಡೆ ಹಂಚಿದರು. ಯಲಬುರ್ಗಾದ ಬ್ಯಾಕ್ಟೀರಿಯಾ, ಬಳೆ, ಕದ, ಅಕ್ಷರ — ಎಲ್ಲ ಅದರಲ್ಲಿದೆ. ಆ ಮಧ್ಯಾಹ್ನ ಇಲ್ಲ. ಮೊದಲೇ ಹೇಳಿದ್ದರೆ ಸ್ಯಾಂಪಲ್ ತಂದ ರೀತಿಯ ಮೇಲೆ ಪ್ರಶ್ನೆ ಏಳುತ್ತಿತ್ತು, ಪೇಪರ್ ನಿಲ್ಲುತ್ತಿತ್ತು. ಇದನ್ನು ಯಾರೂ ಓದುವುದಿಲ್ಲವಲ್ಲ, ಬರೆದುಬಿಡುತ್ತೇನೆ: ಅದಕ್ಕೇ ಕಾದೆ.



ಅಕ್ಟೋಬರ್ 4, ಶನಿವಾರ

ಮಾವನಿಗೆ ಹೇಳಿದೆ. ಬೈಯಲಿ ಎಂದು ಕಾದೆ.

"ಬಾ ಒಳಗ ಅಂದಾವ ನಾನ" ಎಂದ. ಆಮೇಲೆ, "ಇದು ನಮ್ಮಿಬ್ಬರಾಗ ಇರ್ಲಿ ಸುಮಂಗಲಾ. ಮನಿ ಮಗಳ ಹೆಸರು ಹೊರಗ ಬೀಳಬಾರದು. ನಾಳೆ ಕುಷ್ಟಗ್ಯಾಗ ಬೆಳೆಗಾರರ ಸಭಾ ಐತಿ. ನಿನಗ ಸನ್ಮಾನ ಇಟ್ಟಾರ."

"ಶಾಮೀದ ಕಾಕಾ?"

"ಅಂವಾ ಬ್ಯಾರೆ ಕೆಲಸ ಹಿಡದಾನ, ಬಿಡು."

ಅಕ್ಟೋಬರ್ 5, ಭಾನುವಾರ

ಶಾಲು ಹೊದಿಸಿದರು. ಮೈಕು ಕೊಟ್ಟರು. ಹೇಳಬೇಕೆಂದೇ ಎದ್ದೆ. ಬಾಗಿಲು ಹೇಗಿದೆ, ರೋಗ ಹೇಗೆ ಹಬ್ಬುತ್ತದೆ, ಕತ್ತರಿ ಅದ್ದದಿದ್ದರೆ ಏನಾಗುತ್ತದೆ... ಎಲ್ಲ ಹೇಳಿದೆ. "ಯಾರೋ ಒಬ್ಬರ ಉದಾಸೀನದಿಂದ" ಎಂದೆ. ಯಾರೋ ಒಬ್ಬರು!

"ಆ ಶಾಮೀದಸಾಬನ ಮಾತು ಹೇಳಾಕತ್ಯಾರ ನೋಡ್ರಿ" ಎಂದು ಹಿಂದಿನ ಸಾಲಿನವನೊಬ್ಬ ಕೂಗಿದ. ಚಪ್ಪಾಳೆ. ಮಾವ ನೆಲ ನೋಡುತ್ತ ಕೂತ. ನಾನೂ ಕೂತುಬಿಟ್ಟೆ.

ಸುಮ್ಮನಿದ್ದಾಗ ಮಾಡಿದ್ದಕ್ಕಿಂತ ಮಾತಾಡಿ ಹೆಚ್ಚು ಕೆಡಿಸಿದೆ. ಶಾಲನ್ನು ಬಸ್ಸಿನಲ್ಲೇ ಬಿಟ್ಟು ಬಂದೆ.

ಅಕ್ಟೋಬರ್ 7, ಮಂಗಳವಾರ, ಸಂಜೆ 6

ಕೊಪ್ಪಳದ ಪಕ್ಕದ ಭಾಗ್ಯನಗರ. ವಿಗ್ ಮಾಡಲು ಹೋಗುವ ಕೂದಲಿನ ಸಿಕ್ಕು ಬಿಡಿಸುವ ಶೆಡ್ಡಿನಲ್ಲಿ ಕಾಕಾ ಸಿಕ್ಕರು. ಅಷ್ಟು ಹೆಂಗಸರ ನಡುವೆ ಒಬ್ಬರೇ ಗಂಡಸು. ನನ್ನನ್ನು ನೋಡಿ ಎದ್ದು ನಿಂತರು. "ಕನಕಪ್ಪಣ್ಣಾರು ಅರಾಮ ಅದಾರೇನವ್ವಾ?"

ಈ ಸಲ ಬಾಗಿಲು ಇಲ್ಲ, ಬಳೆ ಇಲ್ಲ. "ಮಾವನ ತ್ವಾಟಕ್ಕ ರೋಗ ತಂದಾಕಿ ನಾನ್ರಿ ಕಾಕಾ. ನನ್ನ ಕತ್ರಿ. ನಿಮ್ದಲ್ಲ."

"ಇಲ್ಲವ್ವಾ, ನಂದ ಇರಬೇಕು" ಎಂದರು. "ಒಂದಿನ ಮಳಿ ಬಂತಂತ ಅವಸರ ಮಾಡಿ, ಕತ್ರಿ ಅದ್ದದನ ಎರಡು ಸಾಲು ಮುಗಿಸಿದ್ದೆ. ಯಾರಿಗೂ ಹೇಳಿದ್ದಿಲ್ಲ."

ನನ್ನನ್ನೇ ಸಮಾಧಾನ ಮಾಡುವವರಂತೆ ಹೇಳಿದರು. ಒಂದು ವರ್ಷದಿಂದ ಈ ಮನುಷ್ಯ ತಾನೇ ತಪ್ಪು ಮಾಡಿದೆ ಎಂದು ನಂಬಿದ್ದಾರೆ! ಟೆಸ್ಟ್ ಮಾಡಿಸಿದ್ದು, ರೋಗ ಬಂದದ್ದು ಯಲಬುರ್ಗಾದ ತೋಟದಿಂದ, ಅಲ್ಲಿಗೆ ಅವರು ಹೋಗೇ ಇಲ್ಲ — ಬಿಡಿಸಿ ಬಿಡಿಸಿ ಹೇಳಿದೆ. ನಿಧಾನಕ್ಕೆ ಕೆಳಗೆ ಕೂತರು.

"ನಿನಗ ಯಾವಾಗ ತಿಳೀತವ್ವಾ?"

"ಫೆಬ್ರವರ್ಯಾಗ."

"ರಂಜಾನಕ್ಕ ಮೊದಲೋ, ಆಮ್ಯಾಲೋ?"

ಮೊದಲು ಎಂದೆ.

ಬೈಯಲಿಲ್ಲ. "ಪೂರಾ ತಿಂಗಳು ರೋಜಾ ಹಿಡದು ಇದೊಂದ ತಪ್ಪಿಗೆ ಮಾಫಿ ಬೇಡೀನಿ" ಎಂದರು.

ಕೈ ಮುಗಿದೆ. ಅವರು ನೋಡಲಿಲ್ಲ.

ಬಂದವಳೇ ಬೆಳೆಗಾರರ ಗ್ರೂಪಿನಲ್ಲಿ ಎಲ್ಲ ಬರೆದು ಹಾಕಿದೆ, ನನ್ನ ಹೆಸರಿನ ಸಮೇತ. ಮಾವನ ಫೋನ್ ಮೇಲೆ ಫೋನ್. ಎತ್ತಿಲ್ಲ. ಇನ್ನು ಯಾರಾದರೂ ಅವರನ್ನು ಕರೆಯಬಹುದು, ಕೆಲಸ ಸಿಗಬಹುದು. ಆದರೆ ಆ ಒಂದು ತಿಂಗಳು... ದಿನಾ ಹೊತ್ತು ಮುಳುಗುವ ತನಕ ನೀರೂ ಮುಟ್ಟದೆ, ನನ್ನ ತಪ್ಪಿಗೆ ಅವರು —