ಬೀರುವಿನ ಹಿಂದಿನ ಜಾಗ

ಪೇಂಟರಣ್ಣ,

ಈ ಕಾಗದ ನಿಮ್ಮ ಕೈ ಸೇರುವ ಮೊದಲು ಜೈಲಿನ ಕಚೇರಿಯಲ್ಲಿ ಯಾರ್ಯಾರು ಒಡೆದು ಓದುತ್ತಾರೋ ಗೊತ್ತಿಲ್ಲ. ಓದಲಿ, ಅವರಿಗೂ ಒಂದು ನಮಸ್ಕಾರ. ಆ ಭೇಟಿ ಕೋಣೆಯಲ್ಲಿ ಜಾಲರಿಯ ಆಚೀಚೆ ಕೂತು, ಅಕ್ಕಪಕ್ಕದವರೆಲ್ಲ ತಮ್ಮತಮ್ಮ ಸಂಸಾರವನ್ನು ಕೂಗಿ ಹೇಳುತ್ತಿರುವಾಗ, ಇಂಥ ಮಾತು ಆಡಲು ನನಗೆ ಬಾಯಿ ಬರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ನಿಮ್ಮನ್ನು ನಂಬಿ ನಾನು ಈ ಕೇಸಿಗೆ ಕೈ ಹಾಕಿದವಳಲ್ಲ. ನೀವೂ ನಮ್ಮನ್ನು ಕರೆದವರಲ್ಲ. ಬರೀ ತಪ್ಪೊಪ್ಪಿಗೆಯೊಂದರ ಮೇಲೆ ಶಿಕ್ಷೆಯಾದ ಹಳೆಯ ಕೇಸುಗಳನ್ನು ನಮ್ಮ ವಕೀಲರ ಗುಂಪು ತಾನೇ ಹುಡುಕಿ ತೆಗೆದು, ಫೀಸಿಲ್ಲದೆ ಮತ್ತೆ ಓದುತ್ತದೆ. ನಮ್ಮಲ್ಲಿ ಒಂದು ಕ್ರಮವಿದೆ. ಪ್ರತಿ ಕೇಸನ್ನೂ ಇಬ್ಬರು ಓದಬೇಕು. ಒಬ್ಬರು ಕೈದಿ ನಿರಪರಾಧಿ ಎಂದುಕೊಂಡು, ಇನ್ನೊಬ್ಬರು ಇವನೇ ಮಾಡಿದ್ದು ಎಂದುಕೊಂಡು. ಎರಡನೆಯ ಓದು ಯಾವಾಗಲೂ ನನ್ನ ಪಾಲಿಗೇ ಬರುತ್ತದೆ. ಅದಕ್ಕೆ ಗುಂಪಿನಲ್ಲಿ ನನಗೆ ಅನುಮಾನದಮ್ಮ ಎಂದು ಹೆಸರಿಟ್ಟಿದ್ದಾರೆ. ಮನೆಯಲ್ಲಿ ನನ್ನ ಗಂಡ ಆಗ ತಾನೇ ತಂದ ಹಾಲನ್ನೂ ನಾನು ಮೂಸಿ ನೋಡುತ್ತೇನೆಂದು ಆಡಿಕೊಳ್ಳುತ್ತಾರೆ. ಮೂಸಿ ನೋಡುತ್ತೇನೆ, ಸುಳ್ಳಲ್ಲ.

ನಿಮ್ಮ ಕೇಸನ್ನೂ ಹಾಗೇ ಮೂಸಿದೆ. ಒಂಟಿಯಾಗಿದ್ದ ಮನೆ ಯಜಮಾನರ ಕೋಣೆಗೆ ನೀವು ಬಣ್ಣ ಹೊಡೆದಿರಿ. ಮಾರನೆಯ ದಿನ ಬೆಳಿಗ್ಗೆ ಅವರು ಅದೇ ಕೋಣೆಯಲ್ಲಿ ಹೆಣವಾಗಿದ್ದರು. ‘ಬೀರುವಿನ ಹಿಂದೆ ಅಡಗಿ ನಿಂತಿದ್ದೆ, ಅವರು ದೀಪ ಹಾಕಿದ ಕೂಡಲೇ ಹೊಡೆದೆ’ ಎಂದು ನೀವು ಪೊಲೀಸರಿಗೆ ಹೇಳಿದಿರಿ, ನ್ಯಾಯಾಧೀಶರ ಮುಂದೆಯೂ ಅದನ್ನೇ ಹೇಳಿದಿರಿ. ಪೊಲೀಸರ ಫೋಟೋದಲ್ಲಿ ಬೀರು ಗೋಡೆಯಿಂದ ಓರೆಯಾಗಿ ಈಚೆಗೆ ಬಂದಿದೆ. ಹಿಂದೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ. ನೋಡಿದ ತಕ್ಷಣ ನನಗೆ ಹೊಳೆದದ್ದೇನು ಗೊತ್ತೇ? ಬಣ್ಣ ಹೊಡೆಯಲು ಬೀರು ಎಳೆದವರು ನೀವು, ಬೇಕೆಂದೇ ಅದನ್ನು ವಾಪಸ್ ತಳ್ಳದೆ ಅಡಗಲು ಜಾಗ ಮಾಡಿಟ್ಟುಕೊಂಡಿರಿ! ಎಂಥ ಖದೀಮ ಎಂದುಕೊಂಡೆ. ಸಿಕ್ಕಿಬಿದ್ದಿರಿ ಎಂದು ಒಳಗೊಳಗೇ ಖುಷಿಯೂ ಆಯಿತು.

ಅದನ್ನೇ ಖಚಿತ ಮಾಡಿಕೊಳ್ಳಲು ಯಜಮಾನರ ಮಗಳ ಮನೆಗೆ ಹೋದೆ. ಆಕೆ ಸರಪಳಿ ತೆಗೆಯದೆ ಬಾಗಿಲಿನ ಸಂದಿಯಿಂದಲೇ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ‘ನಮ್ಮಪ್ಪನ್ನ ಕೊಂದವನಿಗೆ ವಕೀಲಿ ಮಾಡೋಕೆ ಬಂದ್ರಾ?’ ಎಂದಳು. ‘ಇಲ್ಲಮ್ಮ, ಅವನೇ ಕೊಂದಿದ್ದು ಅಂತ ತೋರಿಸೋದೇ ನನ್ನ ಕೆಲಸ’ ಎಂದೆ. ಆಗ ಒಳಗೆ ಬಿಟ್ಟಳು. ಬೀರು ಎಳೆದೇ ಇತ್ತಲ್ಲ ಎಂದು ಕೇಳಿದೆ. ಆಕೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ‘ಎಲ್ಲಿ ಎಳೆದಿತ್ತು? ಬಣ್ಣ ಒಣಗೋಕೂ ಬಿಡದೆ ಅಪ್ಪ ಅವತ್ತೇ ಸಂಜೆ ನನ್ನೆದುರೇ ಪೇಂಟರ್ ಕೈಲಿ ಅದನ್ನ ಗೋಡೆಗೆ ತಳ್ಳಿಸಿದ್ರು. ಬೆಳಿಗ್ಗೆ ನಾನು ಹೋದಾಗ ಅಪ್ಪನ ತಲೆ, ಭುಜ ಬೀರು ಪಕ್ಕದ ಸಣ್ಣ ಸಂದೀಲಿ ಸಿಕ್ಕೊಂಡಿತ್ತು. ಇನ್ನೂ ಉಸಿರಿದೆ ಅನ್ಕೊಂಡು ನಾನೂ ಪಕ್ಕದ ಮನೆಯವರೂ ಬೀರು ಎಳೆದು ಎತ್ತಿದ್ವಿ. ಪೊಲೀಸರು ಬಂದಿದ್ದು ಆಮೇಲೆ.’

ಆ ಬೀರು ಈಗಲೂ ಆಕೆಯ ಮನೆಯಲ್ಲಿದೆ. ಇಬ್ಬರೂ ಸೇರಿ ಅದನ್ನು ತಿರುಗಿಸಿದೆವು. ಹಿಂಬದಿಯ ಹಲಗೆಯ ಮೇಲೆ ನಿಮ್ಮ ಹಸಿರು ಬಣ್ಣ ದಪ್ಪಗೆ ಅಂಟಿಕೊಂಡಿದೆ. ಹಸಿ ಗೋಡೆಗೆ ಒತ್ತಿ ನಿಲ್ಲಿಸಿದರೆ ಮಾತ್ರ ಹಾಗೆ ಅಂಟುತ್ತದೆ. ಅಂದರೆ ಕೊಲೆಯಾದ ಹೊತ್ತಿನಲ್ಲಿ ಅದರ ಹಿಂದೆ ಜಿರಲೆ ನುಗ್ಗುವಷ್ಟು ಜಾಗವೂ ಇರಲಿಲ್ಲ. ಆ ಜಾಗ ಹುಟ್ಟಿದ್ದೇ ಯಜಮಾನರು ಸತ್ತ ಮೇಲೆ. ಪೊಲೀಸರು ತಾವು ಕಂಡ ಕೋಣೆಯನ್ನು ನಿಮ್ಮ ಬಾಯಲ್ಲಿ ಹೇಳಿಸಿದ್ದರು. ನಿಮ್ಮ ತಪ್ಪೊಪ್ಪಿಗೆಯಲ್ಲಿ ಏನಿದೆ ಎಂದು ನಾನು ಹೇಳುವಾಗ ಮಗಳು ಬೀರು ಹಿಡಿದುಕೊಂಡೇ ನಿಂತಿದ್ದಳು. ‘ಕೋರ್ಟಲ್ಲಿ ನನ್ನನ್ನ ಯಾರೂ ಇದನ್ನ ಕೇಳಲೇ ಇಲ್ಲ. ಹಾಗಾದ್ರೆ ಯಾರು ಮೇಡಂ?’ ಎಂದಳು. ಅದು ನನಗೂ ಗೊತ್ತಿಲ್ಲ ಎಂದೆ. ಆದರೂ ಕೋರ್ಟಿಗೆ ಬಂದು ಬೀರುವಿನ ವಿಷಯ ಹೇಳಲು ಆಕೆ ಒಪ್ಪಿದ್ದಾಳೆ.

ಇಷ್ಟಾದ ಮೇಲೆ ಬೇರೆಯವರಾಗಿದ್ದರೆ ಕುಣಿದಾಡುತ್ತಿದ್ದರು. ನನಗೆ ಹೊಸ ಅನುಮಾನ ಶುರುವಾಯಿತು. ಬೀರು ಗೋಡೆಗೆ ತಳ್ಳಿದವರು ನೀವೇ. ಹಿಂದೆ ಜಾಗವಿಲ್ಲ ಎಂದು ಎಲ್ಲರಿಗಿಂತ ಮೊದಲು ಗೊತ್ತಿದ್ದದ್ದು ನಿಮಗೇ. ಒಂದು ಮಾತು ಹೇಳಿದ್ದರೆ ಕೇಸು ಅಲ್ಲಾಡುತ್ತಿತ್ತು. ಯಾಕೆ ಹೇಳಲಿಲ್ಲ? ತಲೆಗೂದಲು ಪೂರ್ತಿ ಬೆಳ್ಳಗಾಗುವವರೆಗೆ ಯಾಕೆ ಬಾಯಿಗೆ ಬೀಗ ಹಾಕಿಕೊಂಡು ಕೂತಿರಿ? ಮರುವಿಚಾರಣೆಗೆ ನಿಮ್ಮ ಸಹಿ ಬೇಕೆಂದು ವಕಾಲತ್ತು ಕಳಿಸಿದರೆ ಖಾಲಿಯಾಗಿಯೇ ವಾಪಸ್ ಬಂತು. ನೋಡಲು ಬಂದಾಗ ನಕ್ಕುಬಿಟ್ಟಿರಿ. ‘ಬೇಡ ಬಿಡಿ ವಕೀಲಮ್ಮ, ಹಳೇ ಗೋಡೆ ಕೆರೆದ್ರೆ ಒಳಗೇನಿದೆಯೋ ಯಾರಿಗೆ ಗೊತ್ತು’ ಎಂದಿರಿ. ಆ ನಗು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಬಿಡುಗಡೆ ಬೇಡ ಎನ್ನುವ ಮನುಷ್ಯ ಯಾರನ್ನೋ ಬಚ್ಚಿಡುತ್ತಿದ್ದಾನೆ ಎಂದು ಬಸ್ಸಿನಲ್ಲಿ ಬರುವಾಗಲೇ ತೀರ್ಮಾನ ಮಾಡಿದ್ದೆ.

ಅದು ನಿಮ್ಮ ತಮ್ಮ ಎಂದು ತಿಳಿಯಲು ಕಷ್ಟಪಡಬೇಕಾಗಲಿಲ್ಲ. ಆ ಕೋಣೆಯಲ್ಲಿ ನಿಮ್ಮ ಜೊತೆ ಬಣ್ಣ ಹೊಡೆದವನು ಅವನೊಬ್ಬನೇ. ಪೊಲೀಸರು ಠಾಣೆಗೆ ಎಳೆದುಕೊಂಡು ಹೋಗಿ ನಿಮ್ಮ ಪಕ್ಕದ ಕೋಣೆಯಲ್ಲಿ ಕೂರಿಸಿದ್ದೂ ಅವನನ್ನೇ. ನೀವು ಒಪ್ಪಿಕೊಂಡ ದಿನವೇ ಅವನನ್ನು ಬಿಟ್ಟುಬಿಟ್ಟರು. ಆಮೇಲೆ ಅವನು ಒಂದು ದಿನವೂ ನಿಮ್ಮನ್ನು ನೋಡಲು ಬಂದಿಲ್ಲ. ಕೋರ್ಟಿನ ಕಡೆಗೂ ತಲೆ ಹಾಕಿಲ್ಲ. ಇದನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ನನಗೆ ಕೊಲೆಗಾರ ಸಿಕ್ಕೇಬಿಟ್ಟ ಅನ್ನಿಸಿತು.

ಮೊನ್ನೆ ಅವನನ್ನು ಹುಡುಕಿಕೊಂಡು ಹೋದೆ. ಲಾರಿಗಳಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಾನೆ. ನಿಮ್ಮ ಹೆಸರು ಎತ್ತಿದ್ದೇ ತಡ, ಮುಖ ಆ ಕಡೆ ತಿರುಗಿಸಿದ. ‘ನಿಮ್ಮಣ್ಣ ಒಪ್ಕೊಂಡಾಯ್ತು, ನೀನೂ ಒಪ್ಕೋ ಅಂದ್ರು ಮೇಡಂ ಪೊಲೀಸ್ರು. ಹೊಡೆದ್ರು. ನಾನು ಏನು ಮಾಡಿದ್ದೆ ಅಂತ ಒಪ್ಕೊಳ್ಳಲಿ? ಮನೆಗೆ ಬಂದ್ಮೇಲೆ ಯೋಚನೆ ಮಾಡಿದ್ರೆ, ಅಣ್ಣ ನಿಜವಾಗ್ಲೂ ಮಾಡಿಬಿಟ್ನಲ್ಲ ಅಂತ ಹೇಸಿಗೆ ಆಯ್ತು. ಅವನ ಮುಖ ನೋಡೋ ಧೈರ್ಯ ಬರಲಿಲ್ಲ.’ ನಾನು ನಂಬಲಿಲ್ಲ. ಅವನ ಮುಖವನ್ನೇ ನೋಡುತ್ತಾ ನಿಮ್ಮ ತಪ್ಪೊಪ್ಪಿಗೆಯನ್ನು ಓದಿ ಹೇಳಿದೆ. ಬೀರುವಿನ ಹಿಂದೆ ಎನ್ನುವ ಮಾತಿಗೆ ಬಂದಾಗ ಅವನ ಕೈಯಲ್ಲಿದ್ದ ಬ್ರಷ್ ನಿಂತಿತು. ‘ಹಿಂದೆ ಎಲ್ಲಿತ್ತು ಜಾಗ? ನಾನೂ ಅಣ್ಣನೂ ಹೆಗಲು ಕೊಟ್ಟು ತಳ್ಳಿದ್ವಲ್ಲ! ಬಣ್ಣ ಹಾಳಾಗುತ್ತೆ ಅಂತ ಅಣ್ಣ ಬೈಕೊಂಡೇ ತಳ್ಳಿದ್ದು. ಸುಳ್ಳು ಮೇಡಂ ಇದು!’ ಅವನು ಅದನ್ನು ಕೇಳಿದ್ದು ಅದೇ ಮೊದಲು. ಡಬ್ಬದ ಮೇಲೆ ಕುಸಿದು ಕೂತು, ಎಲ್ಲರ ಎದುರಿಗೇ ಅತ್ತುಬಿಟ್ಟ. ಅಳುತ್ತಲೇ ‘ಹಾಗಾದ್ರೆ ಅಣ್ಣ ಯಾಕೆ ಒಪ್ಕೊಂಡ?’ ಎಂದು ಕೇಳಿದ.

ಆ ಪ್ರಶ್ನೆಯನ್ನು ನಾನು ನಿಮಗೇ ಕೇಳುತ್ತಿದ್ದೇನೆ, ಆದರೆ ಉತ್ತರ ಗೊತ್ತಿದ್ದೇ ಕೇಳುತ್ತಿದ್ದೇನೆ. ಪೊಲೀಸರು ನಿಮಗೂ ಅದೇ ಮಾತು ಹೇಳಿದರಲ್ಲವೇ? ನಿನ್ನ ತಮ್ಮ ಒಪ್ಪಿಕೊಂಡ ಎಂದು? ಅವನು ಏನನ್ನೂ ಒಪ್ಪಿಕೊಂಡಿರಲಿಲ್ಲ ಪೇಂಟರಣ್ಣ. ಮೂಳೆ ಮುರಿಯುವಂತೆ ಹೊಡೆದರೂ ಒಪ್ಪಿಕೊಳ್ಳಲಿಲ್ಲ. ನೀವು ಅವನನ್ನು ಉಳಿಸಲು ಇಷ್ಟು ವರ್ಷ ಒಳಗೆ ಕೂತಿರಿ, ಅವನನ್ನು ಕೊಲೆಗಾರ ಎಂದು ನಂಬಿಕೊಂಡೇ ಕೂತಿರಿ. ಅನುಮಾನ ನನ್ನ ಕಸುಬು. ಆದರೆ ನಾನು ಯಾರನ್ನೂ ನೀವಿಬ್ಬರು ಒಬ್ಬರನ್ನೊಬ್ಬರು ಅನುಮಾನಿಸಿದಷ್ಟು ಆಳವಾಗಿ, ಅಷ್ಟು ಪ್ರೀತಿಯಿಂದ ಅನುಮಾನಿಸಿಲ್ಲ.

ಬರುವ ಭೇಟಿ ದಿನ ನಾನು ಬರುವುದಿಲ್ಲ. ನಿಮ್ಮ ತಮ್ಮ ಬರುತ್ತಾನೆ. ವಕಾಲತ್ತನ್ನು ಅವನ ಕೈಯಲ್ಲೇ ಕೊಟ್ಟಿದ್ದೇನೆ. ಮೊದಲ ಸಲ ನೀವು ಯಾಕೆ ಸಹಿ ಹಾಕಲಿಲ್ಲ ಎಂದು ಕೇಳಿದ. ತಮ್ಮನೇ ಕೊಂದಿದ್ದಾನೆ ಎಂದು ನೀವು ನಂಬಿದ್ದರಿಂದ ಎಂದು ಹೇಳಿದೆ, ಮುಚ್ಚಿಡಲಿಲ್ಲ. ಆದ್ದರಿಂದ ಈ ಸಲ ಅದು ಖಾಲಿಯಾಗಿ ವಾಪಸ್ ಬಂದರೆ, ಅಣ್ಣ ತನ್ನನ್ನು ಇನ್ನೂ ಏನೆಂದು ತಿಳಿದಿದ್ದಾನೆ ಎಂಬುದು ಅದನ್ನು ಹಿಡಿದು ಬಸ್ಸು ಹತ್ತುವವನಿಗೆ ಗೊತ್ತಿರುತ್ತದೆ.

ಜಾಲರಿಯ ಆಚೆ ಅವನು ಕೂತಾಗ, ಎಷ್ಟೇ ಗಲಾಟೆಯಿದ್ದರೂ ನಿಮ್ಮಿಬ್ಬರ ಮಾತು ಒಬ್ಬರದು ಒಬ್ಬರಿಗೆ ಕೇಳಿಸಲಿ ಎಂದು ಹಾರೈಸುವ,

ಇನ್ನೂ ನಿಮ್ಮ ವಕೀಲೆಯಾಗದವಳು